ಜೀರುಂಡೆಗೆ ನಾಮಕರಣ

ಓಬಳಸ್ವಾಮಿಗಳ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಕಾಡಿನಲ್ಲಿ ಅದುವರೆಗೆ ಯಾರೂ ಗುರುತಿಸದ ಜೀವಿಯೊಂದರ ಕುಲ ಹುಡುಕಿ ಹೆಸರಿಟ್ಟರೆ ಶಿಷ್ಯನ ವಿದ್ಯೆ ಮುಗಿಯಿತು. ಊರಿಗೆ ಹೋಗಿ ಅವನೂ ಪಾಠ ಹೇಳಬಹುದು.

ಶಿಷ್ಯ ಭರಮಣ್ಣ ಆವತ್ತು ಬಟ್ಟೆಯ ಗಂಟು ಕಟ್ಟಿಟ್ಟೇ ಬಂದ. ಕೈಯಲ್ಲಿ ಮೊರ, ಮೊರದ ತುಂಬ ಸತ್ತ ಕರಿ ಜೀರುಂಡೆಗಳು. ಅವನ ಖುಷಿ ನೋಡಬೇಕಿತ್ತು!

"ಗುರುಗಳೇ, ಒಂದಲ್ಲ, ಎರಡು ಕುಲ ಸಿಕ್ಕಿವೆ! ಈ ಕಡೆಯವಕ್ಕೆ ತಲೆಯ ಮೇಲೆ ಕೊಂಬಿದೆ. ಆ ಕಡೆಯವಕ್ಕೆ ಇಲ್ಲ. ಕೊಂಬಿನದಕ್ಕೆ ನನ್ನ ಹೆಸರು, ಇನ್ನೊಂದಕ್ಕೆ ನಿಮ್ಮ ಹೆಸರು."

"ಭೇಷ್! ಕೊಂಬೆಲ್ಲ ನಿನಗೇ ಬಂತು."

ಭರಮಣ್ಣ ನಾಲಿಗೆ ಕಚ್ಚಿಕೊಂಡ.

"ಇರಲಿ ಬಿಡು. ನಿಮ್ಮೂರಲ್ಲಿ ಕೂಸಿಗೆ ಹೆಸರಿಡೋದು ಹೇಗಪ್ಪಾ?"

"ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೇಳ್ತಾರೆ."

"ಇವುಗಳ ತೊಟ್ಟಿಲು ನೋಡಿದ್ದೀಯಾ?"

ಎಲ್ಲಿ ನೋಡಿದ್ದ? ದೀಪಕ್ಕೆ ಬಡಿದು ಸತ್ತವನ್ನು ಆಯ್ದು ತಂದಿದ್ದ, ಅಷ್ಟೇ.

ಗುರು ಎದ್ದು ನಡೆದರು. ಭರಮಣ್ಣ ಹಿಂದೆಯೇ ಹೋದ. ಹೊಳೆಯ ಆಚೆ ದಡದಲ್ಲಿ ಒಂದು ಮರ ಬಿದ್ದು ಕೊಳೆಯುತ್ತಿತ್ತು. ಎಷ್ಟೋ ಸಲ ಅವನು ಅದರ ಮೇಲೆ ಕೂತು ಕಾಲು ತೊಳೆದಿದ್ದ.

ಗುರು ಅದರ ತೊಗಟೆಯನ್ನು ಮೆಲ್ಲಗೆ ಎತ್ತಿ ಹಿಡಿದರು.

ಒಳಗೆ ಕಿರ್ರ್ ಕಿರ್ರ್ ಎಂಬ ಸಣ್ಣ ಸದ್ದು. ಕೊಂಬಿನದೊಂದು, ಕೊಂಬಿಲ್ಲದ್ದೊಂದು, ಎರಡೂ ಮರವನ್ನು ಅಗಿದು ಪುಡಿಮಾಡಿ ಬಿಳಿ ಹುಳುಗಳ ಬಾಯಿಗೆ ಇಡುತ್ತಿದ್ದವು. ಒಂದು ಸದ್ದು ಮಾಡಿದರೆ ಇನ್ನೊಂದು ಓಗೊಡುತ್ತಿತ್ತು. ಪಕ್ಕದಲ್ಲೇ ಆಗತಾನೆ ಪೊರೆ ಕಳಚಿ ಎದ್ದ ಕೆಂಪು ಮರಿಗಳು. ಕೆಲವಕ್ಕೆ ಕೊಂಬಿತ್ತು, ಕೆಲವಕ್ಕೆ ಇರಲಿಲ್ಲ.

ಭರಮಣ್ಣ ನಿಂತಲ್ಲೇ ಮೊಣಕಾಲೂರಿದ.

"ಅಯ್ಯೋ ಶಿವನೇ! ಇವು ಗಂಡ ಹೆಂಡತಿ. ಇವೆಲ್ಲ ಒಡಹುಟ್ಟಿದವು. ಒಂದು ಮನೆಯನ್ನು ಮುರಿದು ಎರಡು ಕುಲ ಮಾಡಿಬಿಟ್ಟೆನಲ್ಲ, ಗುರುಗಳೇ!"



ಅವನು ಬಹಳ ಹೊತ್ತು ಹಾಗೇ ನೋಡುತ್ತ ಕೂತ. ಕಣ್ಣಲ್ಲಿ ನೀರಿತ್ತು. ಒಂದು ಮರಿ ತಡವರಿಸುತ್ತ ಅಂಚಿಗೆ ಬಂದಾಗ ಬಗ್ಗಿ, ಬೆರಳು ಅಡ್ಡ ಹಿಡಿದು ಒಳಗೆ ಬಿಟ್ಟ.

"ಇಷ್ಟು ದಿನ ಇವರ ಮನೆಯ ಮೇಲೆ ಕೂತಿದ್ದೆ. ಒಂದು ದಿನವೂ ಕಾಣಲಿಲ್ಲ. ಹೆಸರಿಡೋ ಯೋಗ್ಯತೆ ನನಗಿಲ್ಲ, ಗುರುಗಳೇ. ಹೋಗಿ ಗಂಟು ಬಿಚ್ತೀನಿ."

"ಗಂಟು ಹಾಗೇ ಇರಲಿ. ಈಗ ಹೆಸರಿಡು. ಮೆಲ್ಲಗೆ ಹೇಳು, ಕೂಸುಗಳಿವೆ."