ಹೆಂಚಿನಡಿಯ ಕಣಜಗಳು

ಕಾಗೆಗಳಿಗೆ ಐನೂರು ಸೇರು ರಾಗಿಯ ನೆರವು, ಕಣಜದ ಆಡಳಿತ ಸರಿಯಾದರೆ ಮುಂದೆ ಇರುವೆಗಳ ಒಕ್ಕೂಟದಲ್ಲಿ ಜಾಗ. ಇದು ಮಾತಾದ ವ್ಯವಹಾರ. ಮಳೆಗಾಲ ಹತ್ತಿರವಿತ್ತು, ಮರಿಗಳಿಗೆ ಕಾಳಿರಲಿಲ್ಲ. ಕಾಗೆಗಳ ಯಜಮಾನ ಚೀಲ ಹಿಡಿದೇ ಕಾದಿದ್ದ.

ಒಕ್ಕೂಟದಿಂದ ಬಂದ ಮುದಿ ಇರುವೆ, "ಮೊದಲು ಕಣಜ ತೋರಿಸಿ" ಎಂದಳು.

"ಖಾಲಿ ಕಣಜದಲ್ಲಿ ನೋಡುವುದೇನಿದೆ, ಇರುವೆಮ್ಮ?"

"ಖಾಲಿ ಹೇಗಾಯಿತು ಅಂತ ನೋಡಬೇಕಲ್ಲ, ಯಜಮಾನರೇ." ಅವಳು ಕಣಜದ ಮಾಡು ಹತ್ತಿ ಹೆಂಚಿನಡಿ ನುಸುಳಿದಳು. "ಇಲ್ಲಿ ಜೋಳವಿದೆ. ಯಾರದು?"

"ಗೂಡು ಕಟ್ಟುವ ಇಲಾಖೆಯದು."

"ಪಕ್ಕದ ಅವರೆಕಾಳು?"

"ಕೂಗುವ ಇಲಾಖೆಯದು. ಅದನ್ನು ನಾವು ಮುಟ್ಟುವ ಹಾಗಿಲ್ಲ."

"ಈ ಮೂಲೆಯ ಭತ್ತ?"

ಯಜಮಾನ ತಲೆ ಕೆರೆದುಕೊಂಡ. "ಬಚ್ಚಿಟ್ಟವನು ಸತ್ತು ಎರಡು ವರ್ಷವಾಯಿತು. ಇದೆ ಅಂತಲೇ ಗೊತ್ತಿರಲಿಲ್ಲ."

"ಎಲ್ಲವನ್ನೂ ಒಂದೇ ಕಣಜಕ್ಕೆ ತನ್ನಿ. ರಾಗಿ ಆಮೇಲೆ."

ಕೂಗುವ ಇಲಾಖೆ ಮೂರು ದಿನ ಕೂಗಿತು, ನಾಲ್ಕನೆಯ ದಿನ ತಂದು ಸುರಿಯಿತು.

ಒಕ್ಕೂಟದ ಬಾಗಿಲು ಇನ್ನೂ ತೆರೆದಿಲ್ಲ. ಆದರೆ ಆ ಮಳೆಗಾಲ ಒಂದು ಮರಿಯೂ ಹಸಿದು ಮಲಗಲಿಲ್ಲ. ಕಾಗೆಗಳಿಗೆ ದಕ್ಕಿದ್ದು ಇಷ್ಟು: ಇರುವೆಗಳಿಂದ ಐನೂರು ಸೇರು; ಹುಳ ಹಿಡಿದದ್ದನ್ನು ಕಳೆದು, ತಮ್ಮದೇ ಹೆಂಚಿನಡಿಯಿಂದ ಒಂಬೈನೂರು.