ಸಣ್ಣಕ್ಕನ ಅರ್ಧ ಬಾದಾಮಿ

ಕಾಡು ಅಂದಮೇಲೆ ಆನೆ ಇರಲೇಬೇಕು. ಒಂದು ಕಾಡಿನಲ್ಲಿ ಆನೆಯ ಜೊತೆಗೆ ಆನೆಯದೊಂದು ಉಗ್ರಾಣವೂ ಇತ್ತು. ಬಂಡೆಯೊಳಗಿನ ದೊಡ್ಡ ಗವಿ ಅದು. ಮಳೆಗಾಲಕ್ಕೆ ಬೇಕಾದ ಕಾಡುಬಾದಾಮಿಯೆಲ್ಲ ಬೇಸಿಗೆಯಲ್ಲೇ ಅಲ್ಲಿಗೆ ಬಂದು ಸೇರಬೇಕು. ಆನೆಯ ಹೆಸರು ದೊರೆಯಪ್ಪ. ಅವನ ಕೈಕೆಳಗೆ ಅರ್ಧ ಕಾಡೇ ದುಡಿಯುತ್ತಿತ್ತು. ಅಳಿಲುಗಳು ಕಾಯಿ ಕೀಳುತ್ತಿದ್ದವು, ಮಂಗಗಳು ಹೊರುತ್ತಿದ್ದವು, ಇಲಿಗಳು ಗವಿಯೊಳಗೆ ಒಟ್ಟುತ್ತಿದ್ದವು. ಎಲ್ಲರ ಮೇಲೆ ಕಣ್ಣಿಡಲು ನಾಜೂಕಯ್ಯ ಎಂಬ ನರಿ ಇದ್ದ.

ಸಣ್ಣಕ್ಕ ಎಂಬ ಅಳಿಲು ಅಲ್ಲಿ ಕಾಯಿ ಕೀಳುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಬೇಕು, ಅಲ್ಲಿ ಸುಖಕ್ಕೇನೂ ಕಡಿಮೆ ಇರಲಿಲ್ಲ. ಹೊತ್ತುಹೊತ್ತಿಗೆ ಊಟ ಸಿಗುತ್ತಿತ್ತು. ಒಮ್ಮೆ ಕೊಂಬೆಯಿಂದ ಬಿದ್ದು ಕಾಲು ಉಳುಕಿದಾಗ ಅವಳ ಪಾಲು ಗೂಡಿನ ತನಕ ಬಂತು. ಗಿಡುಗ ಕಾಣಿಸಿದರೆ ಕಾವಲಿನ ಮುಸುವ ಕೂಗಿ ಎಚ್ಚರಿಸುತ್ತಿತ್ತು. ಮೊದಲು ತಿರುಗಿಯೂ ನೋಡದ ನೆಂಟರು ಈಗ 'ದೊರೆಯಪ್ಪನ ಉಗ್ರಾಣದವಳು' ಅಂತ ಹುಡುಕಿಕೊಂಡು ಬಂದು ಮಾತಾಡಿಸುತ್ತಿದ್ದರು. ಅದೂ ಒಳಗೊಳಗೇ ಹಿತವಾಗಿಯೇ ಇತ್ತು, ಬಿಡಿ.

ಆದರೂ ಅವಳಿಗೆ ಅಲ್ಲಿ ಮನಸ್ಸು ಹತ್ತಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೀಳುವುದು, ಕೆಳಗೆ ಹಾಕುವುದು, ಅಷ್ಟೇ. ಕಿತ್ತ ಕಾಯಿ ಎಲ್ಲಿಗೆ ಹೋಯಿತು, ಏನಾಯಿತು, ಒಂದೂ ಗೊತ್ತಿಲ್ಲ. ಕುಳಿತ ಕೊಂಬೆ ಬಿಸಿಲಿಗೆ ಸುಡುತ್ತದೆ, ಬೇರೆ ಕೊಂಬೆ ಕೊಡಿ ಅಂತ ಕೇಳಬೇಕಾದರೆ ಮಂಗನಿಗೆ ಹೇಳಬೇಕು, ಮಂಗ ಮುಸುವನಿಗೆ ಹೇಳಬೇಕು, ಮುಸುವ ನಾಜೂಕಯ್ಯನಿಗೆ ಹೇಳಬೇಕು. ಉತ್ತರ ಬರುವ ಹೊತ್ತಿಗೆ ಆ ಮರದಲ್ಲಿ ಕಾಯಿಯೇ ಮುಗಿದಿರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಷ್ಟ ಎಂದರೆ, ಕೆಲಸದ ಜಾಗದಲ್ಲಿ ಯಾರೂ ಯಾರ ಜೊತೆಗೂ ಮಾತಾಡುವಂತಿರಲಿಲ್ಲ. ಕಾಯಿ ಒಡೆಯುವಂತೆಯೂ ಇರಲಿಲ್ಲ. ಇದು ನಾಜೂಕಯ್ಯನ ಕಟ್ಟಳೆ.

ಆಗೆಲ್ಲ ಸಣ್ಣಕ್ಕನಿಗೆ ಹಳೆಯ ನೇರಳೆ ಮರ ನೆನಪಾಗುತ್ತಿತ್ತು. ಮೊದಲು ಅವಳು ಅಲ್ಲಿ ಮುಳ್ಳಜ್ಜ ಎಂಬ ಮುಳ್ಳುಹಂದಿಯ ಜೊತೆ ದುಡಿಯುತ್ತಿದ್ದಳು. ಒಂದು ಮೊಲ, ಒಂದು ಗೊರವಂಕ, ಅಷ್ಟೇ ಜನ. ದಿನವೂ ಕೆಲಸ ಮುಗಿದ ಮೇಲೆ ಎಲ್ಲರೂ ಮರದ ಬುಡದಲ್ಲಿ ಕೂರುತ್ತಿದ್ದರು. ಅಂದು ತಂದ ಕಾಯಲ್ಲಿ ಒಂದನ್ನು ಒಡೆದು, ಅರ್ಧ ತಾನು ತಿಂದು ಇನ್ನರ್ಧ ಪಕ್ಕದವರಿಗೆ ಕೊಡಬೇಕು. ಅದು ಆ ಮರದ ಪದ್ಧತಿ. ಕಾಯಿ ಕಹಿಯಾಗಿದ್ದರೆ ಮುಳ್ಳಜ್ಜ ಮುಖ ಕಿವುಚಿಕೊಂಡು, ಇದನ್ನು ಕಿತ್ತ ಮಹಾರಾಯ್ತಿ ಯಾರಪ್ಪಾ ಅಂತ ಸಣ್ಣಕ್ಕನನ್ನೇ ನೋಡುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಆದರೆ ನಗು ಹೊಟ್ಟೆ ತುಂಬಿಸುವುದಿಲ್ಲ. ಅವರ ಕಾಯಿಗಳೆಲ್ಲ ಒಂದು ಮರದ ಪೊಟರೆಯಲ್ಲಿದ್ದವು. ಒಂದು ಮಳೆಗಾಲ ಅದರೊಳಗೆ ನೀರು ನುಗ್ಗಿ ಎಲ್ಲ ಕೊಳೆತುಹೋಯಿತು. ಸಣ್ಣಕ್ಕನ ಕೊನೆಯ ಮರಿ ಹಸಿವಿನಿಂದ ಉಳಿಯಲಿಲ್ಲ. ಆಮೇಲೆ ಮುಳ್ಳಜ್ಜನೇ ಅವಳನ್ನು ಕಳಿಸಿಕೊಟ್ಟಿದ್ದ.

"ಹೋಗವ್ವಾ," ಅಂದಿದ್ದ. "ಇಲ್ಲಿ ಪ್ರೀತಿ ಇದೆ, ಊಟ ಇಲ್ಲ."

ಈಗ ಸಣ್ಣಕ್ಕನಿಗೆ ಮತ್ತೆ ಮರಿಗಳಾಗಿದ್ದವು. ಈ ಸಲದ ಮಳೆಗಾಲ ದಾಟಬೇಕಾದರೆ ಉಗ್ರಾಣದ ಪಾಲು ಬೇಕೇ ಬೇಕು. ಅದಕ್ಕೇ ಅವಳು ಬಾಯಿ ಮುಚ್ಚಿಕೊಂಡು ದುಡಿಯುತ್ತಿದ್ದಳು.

ಮೋಡ ಕಟ್ಟತೊಡಗಿದಾಗ ದೊರೆಯಪ್ಪ ಎಲ್ಲರನ್ನೂ ಗವಿಯ ಮುಂದೆ ಕರೆಸಿದ. ತನ್ನ ಕೈಕೆಳಗಿನವರಿಗೆ ಏನು ಇಷ್ಟ, ಏನು ಕಷ್ಟ ಅಂತ ಅವರ ಬಾಯಿಂದಲೇ ಕೇಳುವ ಆಸೆ ಅವನಿಗೆ. ನಾಜೂಕಯ್ಯ ಕಡಿಮೆಯವನೇ? ಮೊದಲೇ ಎಲ್ಲರ ಹತ್ತಿರ ಹೋಗಿ, ಇಷ್ಟ ಇದ್ದದ್ದು ಮಾತ್ರ ಹೇಳಿ, ಕಷ್ಟ ಹೇಳಿದವರಿಗೆ ನಾಳೆಯಿಂದ ಇಲ್ಲಿ ಕೆಲಸವೂ ಇಲ್ಲ, ಪಾಲೂ ಇಲ್ಲ ಅಂತ ನಯವಾಗಿ ತಿಳಿಸಿ ಬಂದಿದ್ದ.

ಹಾಗಾಗಿ ಒಬ್ಬೊಬ್ಬರೇ ಎದ್ದು, ಎಲ್ಲ ಚೆನ್ನಾಗಿದೆ ಸ್ವಾಮಿ ಅಂತ ಹೇಳಿ ಕೂತರು. ಸಣ್ಣಕ್ಕನ ಸರದಿ ಬಂತು. ಅವಳೂ ಊಟದ ಬಗ್ಗೆ ಹೇಳಿದಳು, ಕಾಲು ಉಳುಕಿದಾಗ ನೋಡಿಕೊಂಡದ್ದನ್ನು ಹೇಳಿದಳು. ಅಲ್ಲಿಗೆ ಕೂತುಬಿಡಬೇಕಿತ್ತು. ಆದರೆ ಅಷ್ಟು ಜನ ಒಟ್ಟಿಗೆ ಕೂತದ್ದನ್ನು ನೋಡಿ ಅವಳಿಗೆ ನೇರಳೆ ಮರದ ಬುಡ ನೆನಪಾಯಿತು. ಮರಿಗಳೂ ನೆನಪಾದವು. ಆದರೂ ಮಾತು ಹೊರಗೆ ಬಂದೇಬಿಟ್ಟಿತು.

"ಸ್ವಾಮಿ, ಕೆಲಸ ಮುಗಿದ ಮೇಲೆ ಒಂದು ಕಾಯಿ ಒಡೆದು ಪಕ್ಕದವರಿಗೆ ಅರ್ಧ ಕೊಡೋಣ ಅಂದರೆ ಇಲ್ಲಿ ಆಗಲ್ಲ. ನನಗೆ ಅದೊಂದೇ ಕಷ್ಟ."

ದೊರೆಯಪ್ಪನಿಗೂ ಏನೋ ನೆನಪಾಯಿತು. ಅವನೂ ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಎಳೆ ಬಿದಿರಿನ ಕಳಲೆ ಹಂಚಿಕೊಂಡು ತಿಂದವನೇ. ಇಷ್ಟೇನಾ, ಹಾಗಾದರೆ ಇವತ್ತು ಎಲ್ಲರೂ ಒಡೆಯೋಣ, ನನಗೂ ಒಂದು ತನ್ನಿ ಅಂದ. ನಾಜೂಕಯ್ಯ ಅಡ್ಡ ಬಂದ. ಮಳೆ ಬೀಳುವ ತನಕ ಗವಿಯ ಕಾಯಿ ಮುಟ್ಟಬಾರದು ಅಂತ ಕಟ್ಟಳೆ ಇದೆ, ಅದೂ ದೊರೆಗಳದ್ದೇ ಕಟ್ಟಳೆ ಅಂದ.

"ನಾನು ಯಾವಾಗ ಮಾಡಿದೆನಯ್ಯಾ?" ಅಂದ ದೊರೆಯಪ್ಪ.

ಇಲಿಗಳು ಕಾಯಿ ತಂದವು. ದೊರೆಯಪ್ಪ ಒಂದನ್ನು ಒಡೆದ. ಜೊಳ್ಳು. ಇನ್ನೊಂದೂ ಜೊಳ್ಳು. ಸಣ್ಣಕ್ಕ ಒಡೆದದ್ದರಲ್ಲೂ ಒಳಗೆ ಬರೀ ಧೂಳು. ಈ ಸಲವೂ ಮರಿಗಳಿಗೆ ಏನು ಕೊಡಲಿ ಅಂತ ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ನಾಜೂಕಯ್ಯ, ನೋಡಿ ಸ್ವಾಮಿ ಈ ಅಳಿಲುಗಳ ಕಳ್ಳತನ, ತಿರುಳು ತಾವು ತಿಂದು ಸಿಪ್ಪೆ ಕಳಿಸಿವೆ ಅಂತ ಅವಳ ಕಡೆಗೇ ಬೆರಳು ಮಾಡಿದ.

ಆಗ ಹೊರುವ ಮಂಗವೊಂದು ಮುಂದೆ ಬಂದು, ತಾನು ತಂದ ಕಾಯಿ ಬೆನ್ನು ಮುರಿಯುವಷ್ಟು ಭಾರ ಇತ್ತು ಅಂದಿತು. ಒಟ್ಟುವ ಇಲಿ ಈರವ್ವ ಕಣ್ಣು ಕಣ್ಣು ಬಿಟ್ಟಳು.

"ಭಾರಾನಾ? ನಾ ಒಟ್ಟಿದ್ದು ಹಗುರ ಇತ್ತಲ್ಲೋ. ಮರದಿಂದ ಬರೋದೇ ಹಂಗೆ ಅಂದ್ಕೊಂಡಿದ್ದೆ."

ಮಂಗಗಳು ಇಳಿಸುವ ಜಾಗಕ್ಕೂ ಇಲಿಗಳ ಗವಿಗೂ ನಡುವೆ ಇರುತ್ತಿದ್ದವನು ನಾಜೂಕಯ್ಯ ಒಬ್ಬನೇ. ಎಲ್ಲರೂ ಅವನ ಮುಖ ನೋಡಿದರು. ಕೊನೆಗೆ ಅವನು ಒಪ್ಪಿಕೊಳ್ಳಲೇಬೇಕಾಯಿತು. ಒಳ್ಳೆಯ ಕಾಯನ್ನೆಲ್ಲ ಅವನು ಹೊಳೆಯಾಚೆಯ ಕರಡಿಗಳಿಗೆ ಕೊಟ್ಟು, ಬದಲಿಗೆ ಏಡಿ ತಿನ್ನುತ್ತಿದ್ದ. ಗವಿಗೆ ಜೊಳ್ಳು ತುಂಬಿಸುತ್ತಿದ್ದ. ಯಾರೂ ಮಾತಾಡದಿದ್ದರೆ ಯಾರಿಗೂ ತಿಳಿಯುವುದಿಲ್ಲ ಅನ್ನುವುದು ಅವನ ಲೆಕ್ಕಾಚಾರ.

ದೊರೆಯಪ್ಪ ಕೂಗಾಡಲಿಲ್ಲ. ಈ ಜೊಳ್ಳೆಲ್ಲ ನಿನ್ನ ಮಳೆಗಾಲದ ಪಾಲು, ಹೊತ್ತುಕೊಂಡು ಹೋಗು ಅಂದ. ನಾಜೂಕಯ್ಯ ಕರಡಿಗಳ ಹತ್ತಿರ ಓಡಿದ. ಬಾದಾಮಿ ಇಲ್ಲದೆ ಬಂದವನಿಗೆ ಅವು ಏಡಿಯ ಒಂದು ಕಾಲನ್ನೂ ಕೊಡದೆ ಅಟ್ಟಿದವು. ದೊರೆಯಪ್ಪನೇ ಹೊಳೆ ದಾಟಿ ಹೋಗಿ, ಕರಡಿಗಳು ತಿಂದು ಉಳಿಸಿದ್ದನ್ನು ಬಿಡಿಸಿಕೊಂಡು ಬಂದ. ಮಳೆ ಬರುವುದರೊಳಗೆ ಎಲ್ಲರೂ ಸೇರಿ ಸಿಕ್ಕಷ್ಟು ಕಿತ್ತು ಹೊತ್ತು ಒಟ್ಟಿದರು. ಆ ಮಳೆಗಾಲ ಯಾರ ಹೊಟ್ಟೆಯೂ ಪೂರ್ತಿ ತುಂಬಲಿಲ್ಲ. ಆದರೆ ಯಾರ ಮನೆಯಲ್ಲೂ ಸಾವಾಗಲಿಲ್ಲ. ಸಣ್ಣಕ್ಕನ ಮರಿಗಳೆಲ್ಲ ಉಳಿದವು.

ಹೊರಗೆ ಮಳೆ ಸುರಿಯುವಾಗ ಸಣ್ಣಕ್ಕ ಮತ್ತು ಈರವ್ವ ಗವಿಯ ಬಾಗಿಲಲ್ಲಿ ಕೂರುತ್ತಿದ್ದರು. ಅಷ್ಟು ದಿನ ಒಂದೇ ಕಡೆ ದುಡಿದರೂ ಅವರಿಬ್ಬರು ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ. ಸಣ್ಣಕ್ಕ ಮುಳ್ಳಜ್ಜನ ಸುದ್ದಿ ತೆಗೆದಳು. ಅವಳು ನೇರಳೆ ಮರ ಬಿಟ್ಟು ಬಂದ ಸ್ವಲ್ಪ ದಿನಕ್ಕೇ ಅವನು ತೀರಿಹೋಗಿದ್ದ. ಅಂಥ ದಿನ ಮತ್ತೆ ಬರಲ್ಲ ಕಣೇ ಅಂತ ಅತ್ತಳು. ಇಲ್ಲಿಗೆ ಬಂದಮೇಲೆ ಅವಳು ಅತ್ತದ್ದು ಅದೇ ಮೊದಲು.

ಈರವ್ವ ಅವಳನ್ನು ಅಳಲು ಬಿಟ್ಟಳು. ಆಮೇಲೆ ಇನ್ನಷ್ಟು ಹತ್ತಿರ ಸರಿದು ಕೂತಳು.

"ಇನ್ನೂ ಹೇಳು. ಆ ಅಜ್ಜ ಮತ್ತೇನೇನು ಅಂತಿದ್ದ?"

ನೀತಿ: ಎಷ್ಟೇ ದೊಡ್ಡ ಸಂಸ್ಥೆಯಾದರೂ ದುಡಿಯುವವರು ಒಬ್ಬರೊಡನೊಬ್ಬರು ಮಾತಾಡದಂತೆ ಮಾಡಿದರೆ ಅದರಿಂದ ಮೋಸಗಾರನಿಗೆ ಮಾತ್ರ ಲಾಭ, ಅವರು ಕೂಡಿ ಕೂತು ಮಾತಾಡಿದರೆ ಮೋಸವೂ ಬಯಲಾಗುತ್ತದೆ, ಮನಸ್ಸೂ ಹಗುರಾಗುತ್ತದೆ.