ಅವ್ವನಿಗೆ ಬಹುವಚನ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿನ ಮುದಿ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಆವತ್ತು ಶಿಷ್ಯರಿಗೆ ವ್ಯಾಕರಣ ಹೇಳಿ ಹೇಳಿ ಅಜ್ಜಾರಿಗೆ ಸಾಕುಸಾಕಾಗಿತ್ತು. ರೂಢನಾಮ, ಅಂಕಿತನಾಮ, ಏಕವಚನ, ಬಹುವಚನ. ಹೇಳಿದ್ದನ್ನೇ ಎಷ್ಟು ಸಲ ಹೇಳುವುದು, ಇರುವುದು ಒಂದೇ ಬಾಯಿ ಅಲ್ಲವೇ? ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಅಷ್ಟರಲ್ಲಿ ಶಿಷ್ಯ ಬಸಲಿಂಗ ಸಪ್ಪೆ ಮೋರೆ ಹಾಕಿಕೊಂಡು ಬಂದು ನಿಂತ.

ಆಚೆ ದಂಡೆಯ ಊರಿನಿಂದ ಅವನ ತಾಯಿ ನೀಲವ್ವ ರೊಟ್ಟಿ ಕಟ್ಟಿಕೊಂಡು ಬಂದಿದ್ದಳಂತೆ. ಇವನು ಕೈಮುಗಿದು, "ಬರ್ರಿ, ಕೂಡ್ರಿ" ಎಂದ. ತನ್ನ ಜೊತೆ ಇನ್ಯಾರು ಬಂದರೋ ಎಂದು ಅವಳು ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಗಂಟು ಕೆಳಗಿಟ್ಟು, ಇನ್ನು ಮೇಲೆ ತಾನು ಈ ಕಡೆ ಬರುವುದಿಲ್ಲ ಎಂದು ಹೇಳಿ ದೋಣಿಯ ಕಡೆ ನಡೆದುಬಿಟ್ಟಳಂತೆ.

ತಾನು ಮಾಡಿದ ತಪ್ಪೇನು ಎಂದು ಬಸಲಿಂಗನಿಗೆ ತಿಳಿಯಲೊಲ್ಲದು. ಒಬ್ಬರೇ ಇದ್ದರೂ ಗೌರವಕ್ಕೆ ಬಹುವಚನ ಹಚ್ಚಬೇಕೆಂದು ಅಜ್ಜಾರೇ ಕಲಿಸಿದ್ದರಲ್ಲ.

ಅಜ್ಜಾರು ಕಣ್ಣು ತೆರೆಯದೆ ಕೇಳಿದರು. "ಅವ್ವ ಅನ್ನೂದು ಯಾವ ನಾಮ?"

"ರೂಢನಾಮರಿ. ಮನಿಗೊಬ್ಬಾಕಿ ಇರತಾಳಲ್ಲರಿ."

"ಸಣ್ಣಾಂವ ಇದ್ದಾಗ ನೀ ಅವ್ವಾ ಅಂತ ಕೂಗಿದರ ಎಷ್ಟು ಮಂದಿ ಓಡಿ ಬರತಿದ್ದರು?"

ಬಸಲಿಂಗ ತಲೆ ತಗ್ಗಿಸಿದ. "ಒಬ್ಬಾಕಿನರಿ."

"ಮುಂಜಾನೆ ಪೂಜಾದಾಗ ಶಿವಗ ಏನಂದಿ?"

"ನೀನ ಗತಿ ಅಂದೆ."

"ನೀವ ಗತಿ ಅನ್ನಲಿಲ್ಲ."

ಅವ್ವ ಇನ್ನು ಬರುವುದೇ ಇಲ್ಲವೇನೋ ಎಂಬ ಅಂಜಿಕೆ ಹುಡುಗನ ದನಿಯಲ್ಲೇ ಇತ್ತು. ಆದರೂ ಹಟಮಾರಿ. ದೀಕ್ಷೆ ಹತ್ತಿರ ಬಂದಿದೆ, ನಾಲ್ಕು ಮಂದಿಯ ಎದುರು ತಾಯಿಗೆ ಹೋಗು ಬಾ ಎಂದರೆ ಏನು ಚಂದ ಎಂದು ಗೊಣಗಿದ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಅಜ್ಜಾರ, ನಿಮಗ ಯಾರರ ಹಂಗ ಅಂತಾರೇನ್ರಿ?"

ಅಜ್ಜಾರು ಕಣ್ಣು ತೆರೆದರು. ಬಹಳ ದಣಿದ ಕಣ್ಣು. ಹೊಳೆಯ ಕಡೆ ನೋಡಿದರೆ ಅಂಬಿಗ ಹಗ್ಗ ಬಿಚ್ಚುತ್ತಿದ್ದ.

"ನನಗ 'ನೀ' ಅನ್ನಾಕಿ ಹೋಗಿ ಭಾಳ ದಿನ ಆತಪ. ನಿನ್ನಾಕಿ ಇನ್ನೂ ದೋಣಿ ಹತ್ತಿಲ್ಲ, ಓಡು."